ಶ್ರೀಶೈಲನ ಕಾಮೆಂಟ್ರಿ

ಮೈಕಿನ ಜಾಲರಿಯಿಂದ ಏಲಕ್ಕಿ ವಾಸನೆ ಬರುತ್ತಿದೆ, ಹಳೆಯದು, ತುಕ್ಕಿನೊಂದಿಗೆ ಬೆರೆತದ್ದು — ಕನ್ನಡ ಸಾರ್ ದವಡೆಯಲ್ಲಿ ಒಂದು ಏಲಕ್ಕಿ ಒತ್ತಿಟ್ಟುಕೊಂಡೇ ಮೈಕಿನಲ್ಲಿ ಮಾತಾಡುವುದು, ಇವತ್ತು ಅವರು ಸಮೀಕ್ಷೆ ಡ್ಯೂಟಿ ಎಂದು ಎಲ್ಲೋ ಮನೆ ಮನೆ ಬಾಗಿಲು ತಟ್ಟುತ್ತಿದ್ದಾರೆ, ಏಲಕ್ಕಿ ಮಾತ್ರ ಇಲ್ಲಿ ಉಳಿದಿದೆ, ಮೈಕು ಶ್ರೀಶೈಲನ ಕೈಯಲ್ಲಿದೆ, ಹತ್ತನೇ ಬಿ ಸೆಕ್ಷನ್ನಿನ ಶ್ರೀಶೈಲ, ಕೊನೆಯ ಬೆಂಚಿನವನು, ಎರಡು ವರ್ಷದಲ್ಲಿ ತರಗತಿಯಲ್ಲಿ ತಾನಾಗಿ ಎದ್ದು ನಿಂತು ಒಂದು ಮಾತಾಡದವನು. ಹಲೋ, ಹಲೋ, ಮೈಕ್ ಟೆಸ್ಟಿಂಗ್, ದನಿ ಕಂಬದ ಮೇಲಿನ ಹಾರ್ನಿನಿಂದ ಹೊರಟು ಮೈದಾನ ದಾಟಿ ಎದುರು ಸಾಲಿನ ಮನೆಗಳ ನೀರಿನ ಟ್ಯಾಂಕುಗಳಿಗೆ ಬಡಿದು ತುಸು ತಡವಾಗಿ ವಾಪಸ್ಸು ಬರುತ್ತದೆ, ತನ್ನದೇ ದನಿ, ಆದರೂ ಯಾರೋ ದೊಡ್ಡವನದ್ದು ಅನ್ನಿಸುತ್ತದೆ, ಎದೆಯೊಳಗೆ ಏನೋ ಉಬ್ಬುತ್ತದೆ, ಹೆದರಿಕೆಯೂ ಹೌದು, ಅದಕ್ಕಿಂತ ಒಂದು ಹಿಡಿ ಹೆಚ್ಚು ಖುಷಿಯೂ ಹೌದು. ಸುಣ್ಣದ ಪುಡಿಯಲ್ಲಿ ಎಳೆದ ಅಂಕಣ, ಈ ಕಡೆ ಶ್ರೀಗಂಧದ ಕಾವಲಿನ ನಮ್ಮ ಹುಡುಗಿಯರು, ಆ ಕಡೆ ಕೆಂಗೇರಿ ಉಪನಗರದವರು, ವಲಯ ಮಟ್ಟದ ಕಬಡ್ಡಿ ಫೈನಲ್, ಶಾಮಿಯಾನದ ಕೆಳಗೆ ಇಡೀ ಶಾಲೆ, ನಮ್ಮ ತಂಡದ ಗಗನಾ ಜಡೆಯನ್ನು ಎರಡು ಸುತ್ತು ಸುತ್ತಿ ಬಿಗಿಯುತ್ತಿದ್ದಾಳೆ, ಪಿ.ಟಿ. ಮಹೇಶ್ ಸಾರ್ ಪೀಪಿ ಬಾಯಿಗಿಟ್ಟಿದ್ದಾರೆ, ಶುರು ಮಾಡೋ ಎಂದು ಹುಬ್ಬಿನಲ್ಲೇ ಹೇಳುತ್ತಿದ್ದಾರೆ. ಮಾನ್ಯ ಕ್ರೀಡಾಭಿಮಾನಿಗಳೇ, ಅಂದ. ರಾತ್ರಿಯೇ ಬರೆದಿಟ್ಟುಕೊಂಡದ್ದು, ಒಂದೊಂದು ಪದವನ್ನೂ ಯೂನಿಫಾರ್ಮಿನ ಹಾಗೆ ಇಸ್ತ್ರಿ ಮಾಡಿಟ್ಟದ್ದು, ಇದೀಗ ಅಂತಿಮ ಪಂದ್ಯ ಆರಂಭವಾಗಲಿದೆ, ಉಭಯ ತಂಡಗಳೂ ಸಮಬಲದ ಹೋರಾಟದ ನಿರೀಕ್ಷೆಯಲ್ಲಿವೆ — ಶಾಮಿಯಾನದಲ್ಲಿ ಯಾರೋ ಆಕಳಿಸಿದ್ದು ಇಲ್ಲಿಗೇ ಕಂಡಿತು.

ಈ ಇಸ್ತ್ರಿ ಕೆಲಸ ಎಂಟನೇ ಕ್ಲಾಸಿನ ಜೂನ್ ತಿಂಗಳಿನದು, ಬೀಳಗಿ ಕಡೆಯ ಊರಿನಿಂದ ಅಪ್ಪ ಭರಮಪ್ಪ ಟೈಲ್ಸ್ ಕೂರಿಸುವ ಕೆಲಸಕ್ಕೆ ಬೆಂಗಳೂರಿಗೆ ಬಂದು, ಹಿಂದೆಯೇ ಅವ್ವನನ್ನೂ ಇವನನ್ನೂ ಕರೆಸಿಕೊಂಡು, ಹೊಸ ಶಾಲೆಯ ಮೊದಲ ವಾರ, ಗಣಿತದ ಟೀಚರ್ ಅರ್ಥ ಆಯ್ತೇನೋ ಅಂದದ್ದಕ್ಕೆ ಇವನು ಎದ್ದು ನಿಂತು, ಕೈ ಕಟ್ಟಿ, ಊರಿನ ಗುರುಗಳಿಗೆ ಹೇಳುವ ಹಾಗೆಯೇ, ಹೌದ್ರಿ, ತಿಳೀತ್ರಿ ಅಂದ. ಅಷ್ಟೇ. ಅದರಲ್ಲಿ ನಗುವುದೇನಿತ್ತೋ, ಇಡೀ ಕ್ಲಾಸು ನಕ್ಕಿತು, ಎರಡನೇ ಬೆಂಚಿನಿಂದ ಒಬ್ಬಳು ತಿರುಗಿ, ತಿಳೀತ್ರೀ ಎಂದು ರಾಗ ಎಳೆದಳು, ಇದೇ ಗಗನಾ, ಸಂಜೆಯ ಹೊತ್ತಿಗೆ ಅದು ಹೆಸರಾಗಿ ಹೋಗಿತ್ತು, ತಿಳೀತ್ರಿ ಬಂದ, ತಿಳೀತ್ರಿ ಹೋದ, ಏ ತಿಳೀತ್ರಿ ಬಾಲ್ ಕೊಡೋ. ಆಮೇಲೆ ಅವನು ಬಾಯಿ ಮುಚ್ಚಿದ, ಕಿವಿ ತೆರೆದ, ಬೆಂಗಳೂರಿನ ಮಾತನ್ನು ಹೊಸ ಗೇಮಿನ ಬಟನ್ನುಗಳನ್ನು ಕಲಿಯುವ ಹಾಗೆ ಕಲಿತ, ಎಲ್ಲಿ ಗುರು ಒತ್ತಬೇಕು, ಎಲ್ಲಿ ಮಗಾ ಒತ್ತಬೇಕು, ಐತಿಯನ್ನು ಎಲ್ಲಿ ಇದೆ ಮಾಡಬೇಕು, ಆರು ತಿಂಗಳಲ್ಲಿ ಯಾರೂ ಗುರುತು ಹಿಡಿಯದಷ್ಟು. ಆದರೆ ಆ ಮಾತಿನಲ್ಲಿ ಅವನಿಗೆ ಒಂದು ಜೋಕು ಹೇಳುವುದಕ್ಕೂ ಬರುತ್ತಿರಲಿಲ್ಲ, ಬೈಯುವುದಕ್ಕೂ ಬರುತ್ತಿರಲಿಲ್ಲ, ಹೌದಾ ಮಗಾ, ಸರಿ ಮಗಾ, ಬರ್ತೀನಿ ಮಗಾ, ಅಷ್ಟಕ್ಕೇ ಮುಗಿಯುತ್ತಿತ್ತು. ನಮ್ಮ ತಂಡ ಎರಡು ಅಂಕಗಳ ಹಿನ್ನಡೆಯಲ್ಲಿದೆ, ಅಂದ ಮೈಕಿನಲ್ಲಿ, ಈಗ ನಾಲ್ಕು ಅಂಕಗಳ ಹಿನ್ನಡೆ.

ಪಂಚಾಕ್ಷರಿ ಅಣ್ಣನ ರೂಮಿನಲ್ಲಿ ಇಷ್ಟು ಕಷ್ಟವೇ ಇಲ್ಲ. ನಾಗರಬಾವಿಯಲ್ಲಿ ಮೂರನೇ ಮಹಡಿ, ಮೆಟ್ಟಿಲು ಹತ್ತುವಾಗ ಬೆನ್ನ ಮೇಲಿನ ಚೀಲದಿಂದ ಬಿಸಿ ರೊಟ್ಟಿಯ ಶಾಖ ಅಂಗಿ ದಾಟಿ ಬೆನ್ನಿಗೆ ತಾಗುತ್ತಿರುತ್ತದೆ, ಅವ್ವ ಮಧ್ಯಾಹ್ನದಿಂದ ಬಡಿದ ಜೋಳದ ರೊಟ್ಟಿ, ಶಾಲೆ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಬಾಡಿಗೆ ರೂಮುಗಳ ಹುಡುಗರಿಗೆ ಮುಟ್ಟಿಸುವುದು ಇವನ ಕೆಲಸ, ಕೊನೆಯ ಮನೆ ಪಂಚಾಕ್ಷರಿಯದು, ಗದಗದವನು, ಲಾ ಓದುತ್ತಾನೆ, ಓದುವುದಕ್ಕಿಂತ ಹೆಚ್ಚು ಹಳೆಯ ಪ್ಲೇಸ್ಟೇಷನ್ನಿನಲ್ಲಿ ಫುಟ್ಬಾಲ್ ಆಡುತ್ತಾನೆ. ಬಾರಲೇ ತಮ್ಮಾ, ಒಂದ್ ಮ್ಯಾಚ್ ಆಡಿ ಹೋಗು, ಅಂದಿದ್ದ ಮೊದಲ ದಿನ. ಗೇಮಿನೊಳಗೆ ಇಬ್ಬರು ಇಂಗ್ಲಿಷಿನವರು ಅಳೆದು ತೂಗಿ ಕಾಮೆಂಟ್ರಿ ಹೇಳುತ್ತಿದ್ದರು, ಗೋಲು ಬಿದ್ದರೂ ಪಕ್ಕದ ಮನೆಯಲ್ಲಿ ಹಾಲು ಉಕ್ಕಿದಷ್ಟೂ ಗಾಬರಿ ಇಲ್ಲ ಅವರಿಗೆ, ಇವರ ಬಾಯಿ ಮುಚ್ಚಸ್ರಿ ಅಣ್ಣಾ ಅಂದ ಶ್ರೀಶೈಲ, ಪಂಚಾಕ್ಷರಿ ನಕ್ಕು ಸೌಂಡು ತೆಗೆದ, ಹಂಗಾದ್ರ ನೀನಽ ಹೇಳು ನೋಡೂಣು ಅಂದ. ಆ ಮೌನದೊಳಗೆ ಶ್ರೀಶೈಲನ ಬಾಯಿ ತೆರೆಯಿತು. ಬೋಳು ತಲೆಯ ಡಿಫೆಂಡರಿಗೆ ಗೌಡ್ರು ಎಂದು ಹೆಸರಿಟ್ಟ, ಗಡ್ಡದ ಗೋಲ್‌ಕೀಪರಿಗೆ ಸ್ವಾಮಾರು ಎಂದ, ಬಂದ ನೋಡ್ರಿ, ಕಣ್ಣಿ ಹರ್ಕೊಂಡ ಹೋರಿ ಬಂದಂಗ ಬಂದ, ಗೌಡ್ರು ಅಡ್ಡ ನಿಂತ್ರ ಗೌಡ್ರನ್ನಽ ದಾಟಿದ, ಸ್ವಾಮಾರ ಕೈ ಮುಂದ ಮಾಡ್ರಿ, ಪ್ರಸಾದ ಬರಾಕತ್ತೈತಿ — ಪಂಚಾಕ್ಷರಿ ಕಂಟ್ರೋಲರ್ ಬಿಟ್ಟು ಹಾಸಿಗೆ ಮೇಲೆ ಬಿದ್ದು ಹೊರಳಾಡಿ ನಕ್ಕಿದ್ದ. ಅಂದಿನಿಂದ ದಿನಕ್ಕೊಂದು ಮ್ಯಾಚು, ಪಕ್ಕದ ರೂಮಿನವರೂ ಬಂದು ಕೂರುವರು, ಆಡುವವರು ಬೇರೆ, ಮಾತು ಮಾತ್ರ ಇವನದು. ಅದಕ್ಕಾಗಿ ಒಂದು ನೂರು ಪುಟದ ನೋಟ್‌ಬುಕ್ಕು, ವಿಜ್ಞಾನದ ಲೇಬಲ್ಲು ಅಂಟಿಸಿದ್ದು, ಒಳಗೆಲ್ಲ ಮಾತುಗಳು, ಬಾಲ್ ಕೈ ತಪ್ಪಿದರೆ ಏನನ್ನಬೇಕು, ಗೆಲ್ಲುವ ಮ್ಯಾಚು ಸೋತರೆ ಏನನ್ನಬೇಕು. ಎಲ್ಲಿಂದ ತರುತ್ತಿದ್ದ ಅವನ್ನೆಲ್ಲ, ಮತ್ತೆಲ್ಲಿಂದ, ಬೆಳಿಗ್ಗೆ ಒಲೆಯ ಪಕ್ಕ ಕೂತು ಹೋಮ್‌ವರ್ಕ್ ಮಾಡುವಾಗ ಅವ್ವ ರೊಟ್ಟಿ ಬಡಿಯುತ್ತ ಆಡುತ್ತಿದ್ದಳಲ್ಲ, ಪಕ್ಕದ ಮನೆಯ ಯಶೋದಮ್ಮನ ಜೊತೆ, ಫೋನಿನಲ್ಲಿ ಊರಿನ ತಂಗಿಯ ಜೊತೆ, ಕೆಲವೊಮ್ಮೆ ರೊಟ್ಟಿಯ ಜೊತೆಯೇ, ಬಿಸಿ ಹಂಚು ಮುಟ್ಟಿದಂಗ ಮುಟ್ಟಿ ಹಿಂದ ಬಂದ, ಕೂಸು ತಾಯಿ ಸೆರಗ ಹಿಡದಂಗ ಹಿಡದ, ಅವಳು ಅಂದದ್ದನ್ನು ಪೆನ್ಸಿಲ್ಲಿನಲ್ಲಿ ಮೆಲ್ಲಗೆ ಬರೆದುಕೊಳ್ಳುತ್ತಿದ್ದ, ಏನ್ ಬರಿಯಾಕತ್ತೀಯೋ ಅಂದರೆ, ಸಾಲಿ ಅಭ್ಯಾಸ ಯವ್ವಾ, ಅನ್ನುತ್ತಿದ್ದ. ಪಂಚಾಕ್ಷರಿ ಒಂದು ದಿನ ಗೊತ್ತಾಗದ ಹಾಗೆ ಫೋನಿನಲ್ಲಿ ರೆಕಾರ್ಡು ಮಾಡಿದ, ಗೆಳೆಯರಿಗೆ ಕಳಿಸಿದ, ಅದು ತಿರುಗಿ ತಿರುಗಿ ಹತ್ತನೇ ಬಿ ಗ್ರೂಪಿಗೂ ಬಂದಿತು, ಟೀವಿ ಪರದೆ ಮಾತ್ರ ಕಾಣುವ ವಿಡಿಯೋ, ಎಲ್ಲರೂ ನಗುವ ಚಿಹ್ನೆ ಹಾಕಿದರು, ಇವನೂ ಹಾಕಿದ, ಯಾರಿಗೂ ತಿಳಿಯಲಿಲ್ಲ, ಗಗನಾಳೊಬ್ಬಳನ್ನು ಬಿಟ್ಟು, ತಾನು ಅಣಕಿಸಿದ ಆ ರಿ ಅವಳ ಕಿವಿಯಲ್ಲಿ ಉಳಿದಿತ್ತು. ಮೊನ್ನೆ ಅವಳೇ ಹೋಗಿ, ಸಾರ್, ಕಾಮೆಂಟ್ರಿಗೆ ಬೇರೆ ಯಾರನ್ನೂ ಹುಡುಕ್ಬೇಡಿ, ಈ ವಾಯ್ಸು ನಮ್ ಶ್ರೀಶೈಲಂದು, ಎಂದು ಮಹೇಶ್ ಸಾರ್‌ಗೆ ಕೇಳಿಸಿದ್ದು. ತಿಳೀತ್ರಿಯದು ಅನ್ನಲಿಲ್ಲ ಅವಳು, ಶ್ರೀಶೈಲಂದು ಅಂದಳು.

ನಮಗೆ ಹನ್ನೊಂದು, ಅವರಿಗೆ ಹದಿನೇಳು. ಉಪನಗರದವರು ಚೆನ್ನಾಗಿ ಆಡುತ್ತಿದ್ದಾರೆ, ಎದುರಾಳಿ ತಂಡದ ಆಟಗಾರ್ತಿ ಯಶಸ್ವಿಯಾಗಿ ಮರಳಿದ್ದಾರೆ, ತನ್ನ ದನಿ ಟ್ಯಾಂಕಿಗೆ ಬಡಿದು ಬರುವುದನ್ನು ತಾನೇ ಕೇಳಿ ಅವನಿಗೆ ಬೇಸರ, ಕಣ್ಣು ಅಂಕಣ ಬಿಟ್ಟು ಅಲೆಯುತ್ತದೆ, ಶಾಮಿಯಾನ, ಕಾಂಪೌಂಡು, ಗೇಟು — ಗೇಟಿನಾಚೆ ಹೊಂಗೆ ಮರದ ಕೆಳಗೆ ಹಸಿರು ಸೀರೆ. ಇಳಕಲ್ಲಿನದು, ಕೆಂಪು ಸೆರಗಿನದು, ಹಬ್ಬಕ್ಕೆ ಉಡುವುದು. ಅವ್ವ. ಪಂಚಾಕ್ಷರಿ ಹೇಳಿರಬೇಕು, ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ, ನಿನ್ ಮಗಾ ಇವತ್ತು ಮೈಕಿನ್ಯಾಗ ಮಾತಾಡ್ತಾನ ಶಂಕ್ರವ್ವಾ ಅಂದಿರಬೇಕು, ಅವಳು ಮಧ್ಯಾಹ್ನದ ಹಿಟ್ಟು ಹಾಗೇ ಮುಚ್ಚಿಟ್ಟು ಸೀರೆ ಬದಲಿಸಿ ನಡೆದೇ ಬಂದಿರಬೇಕು. ಗೇಟು ತೆರೆದೇ ಇದೆ. ಉಳಿದ ಮಕ್ಕಳ ತಾಯಂದಿರು ಒಳಗೆ ಕುರ್ಚಿಯಲ್ಲಿ ಕೂತಿದ್ದಾರೆ. ಅವಳು ಒಳಗೆ ಬರುತ್ತಿಲ್ಲ, ಬರುವುದಿಲ್ಲ, ಯಾಕೆಂದು ಶ್ರೀಶೈಲನಿಗೆ ಗೊತ್ತು, ಈ ಮೈದಾನದಲ್ಲಿ ಅವನೊಬ್ಬನಿಗೇ ಗೊತ್ತು. ಹೋದ ವರ್ಷ, ಊಟದ ಬೆಲ್ಲು, ಇದೇ ಗೇಟು, ಅವನು ಮರೆತು ಬಂದ ಡಬ್ಬಿ ಹಿಡಿದು ಅವ್ವ ಕಂಬಿಗಳ ಸಂದಿಯಿಂದ ಕೂಗಿದ್ದಳು, ಶ್ರೀಶೈಲಾ, ಬುತ್ತಿ ಬಿಟ್ಟು ಬಂದೀಯಲ್ಲೋ, ಪಕ್ಕದಲ್ಲಿ ಅಭಿನವ್ ಇದ್ದ, ಕ್ಲಾಸಿನಲ್ಲಿ ಇವನ ಜೊತೆ ಮಾತಾಡುತ್ತಿದ್ದ ಒಬ್ಬನೇ ಗೆಳೆಯ, ಯಾರೋ ಅದು ಅಂದ, ಶ್ರೀಶೈಲನ ಬಾಯಿ ಅವನನ್ನು ಕೇಳದೆಯೇ ಹೇಳಿತು, ನಮ್ ರೋಡಲ್ಲಿ ರೊಟ್ಟಿ ಮಾರೋ ಆಂಟಿ ಮಗಾ. ಅವ್ವನಿಗೆ ಕೇಳಿಸಿತು. ಕೇಳಿಸದ ಹಾಗೆ ಇದ್ದಿದ್ದರೂ ಆಗುತ್ತಿತ್ತು, ಬೈದಿದ್ದರೂ ಆಗುತ್ತಿತ್ತು, ಆದರೆ ಅವಳು ಮುಖದ ಮೇಲೆ ಏನನ್ನೂ ತೋರಿಸದೆ, ಡಬ್ಬಿ ಚಾಚಿ, ತಗೋರಿ ತಮ್ಮಾರ, ನಿಮ್ಮವ್ವ ಕೊಟ್ಟಾಳ್ರಿ, ಅಂದಳು. ಮಗನಿಗೆ ರಿ ಹಚ್ಚಿ. ಅವನ ಸುಳ್ಳಿಗೆ ತಾನೇ ಅಡ್ಡ ನಿಂತು, ಅದು ಸಿಕ್ಕಿಬೀಳದ ಹಾಗೆ ನೋಡಿಕೊಂಡು, ಬಿಸಿಲಿನಲ್ಲಿ ನಡೆದು ಹೋದಳು. ಮನೆಗೆ ಹೋದಾಗ ಎಂದಿನಂತೆ ಚಹಾ ಕೊಟ್ಟಳು, ಆ ಮಾತು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ, ಇವನೂ ಎತ್ತಿಲ್ಲ, ಎಷ್ಟೋ ಸಲ ಒಲೆಯ ಪಕ್ಕ ಕೂತು ಯವ್ವಾ ಎಂದು ಶುರು ಮಾಡಿ, ಏನೋ ಅಂದರೆ, ಉಪ್ಪು ಕಡಿಮಿ ಐತಿ ಅಂದಿದ್ದಾನೆ.

ಪೀಪಿ, ಹಾಫ್ ಟೈಮು, ಮಹೇಶ್ ಸಾರ್ ಬೆವರು ಒರೆಸಿಕೊಳ್ಳುತ್ತ ಬಂದು, ಏನೋ ಇದು, ಸುದ್ದಿ ಓದ್ತಾ ಇದೀಯಾ, ಆ ವಿಡಿಯೋಲಿ ಇದ್ದೋನು ನೀನೇ ತಾನೆ, ಅನ್ನುತ್ತಾರೆ, ಹೌದು ಸಾರ್ ಅನ್ನುತ್ತಾನೆ, ಹಾಗಾದ್ರೆ ಅವ್ನನ್ನ ಕರ್ಕೊಂಡು ಬಾ, ಅನ್ನುತ್ತಾರೆ. ಗಗನಾ ಬಾಟಲಿ ಎತ್ತಿ ತಲೆಗೇ ನೀರು ಸುರಿದುಕೊಂಡು, ಮೊಣಕಾಲಿನಲ್ಲಿ ಚರ್ಮ ತರಚಿ ರಕ್ತ, ಮೇಜಿನ ಹತ್ತಿರ ಬಂದು ನಿಂತಳು, ಎರಡು ವರ್ಷದಲ್ಲಿ ಇಷ್ಟು ಹತ್ತಿರ ಬಂದು ಮಾತಾಡಿದವಳಲ್ಲ. ತಿಳೀತ್ರಿ ಅನ್ನೋದು ನಾನೇ ಇಟ್ಟ ಹೆಸ್ರು ಕಣೋ, ಗೊತ್ತು ನಂಗೆ, ಆವಾಗ ಸುಮ್ನೆ ತಮಾಷೆಗೆ ಅಂದೆ, ಸಾರಿ ಕಣೋ. ಪರ್ವಾಗಿಲ್ಲ ಅಂದ ಅವನು. ಅವಳು, ಪರ್ವಾಗಿಲ್ಲ ಅಂತೆಲ್ಲಾ ಬೇಡ, ಆ ವಿಡಿಯೋಲಿ ಮಾತಾಡಿದ್ಯಲ್ಲಾ ಹಂಗೆ ಮಾತಾಡು, ನಾನು ಅದನ್ನ ಹತ್ತು ಸಲ ಕೇಳಿದೀನಿ, ಅದು ಕಿವಿಗೆ ಬಿದ್ರೆ ಕಾಲು ತಾನಾಗೇ ಓಡುತ್ತೆ, ನಿನ್ನಾಣೆ. ಓಡಿಹೋದಳು. ಶ್ರೀಶೈಲ ಕೈಯಲ್ಲಿದ್ದ ಹಾಳೆ ನೋಡಿದ, ದ್ವಿತೀಯಾರ್ಧಕ್ಕೆ ಸ್ವಾಗತ ಎಂದು ಬರೆದಿದೆ, ಚಂದದ ಅಕ್ಷರ, ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿದ, ನಗುತ್ತಾರೆ, ನಗಲಿ, ನಗಿಸುವುದಕ್ಕೇ ಅಲ್ಲವೇ ದಿನಾ ಮೂರು ಮಹಡಿ ಹತ್ತುವುದು, ಎರಡು ವರ್ಷ ಮುಚ್ಚಿದ ಬಾಯಿಯೊಳಗೆ ನಾಲಿಗೆ ತನ್ನ ಜಾಗ ತಾನೇ ಹುಡುಕಿಕೊಂಡು ಕೂತಿತು, ಹೊಂಗೆ ಮರದ ಕಡೆ ನೋಡದೆ ಮೈಕು ಎತ್ತಿದ.

ಹಾಂ, ಕೂಡ್ರಿ ಕೂಡ್ರಿ, ನೀರು ಕುಡಿಯಾಕ ಹೋದವ್ರು ಲಗೂನ ಬರ್ರಿ, ಇನ್ನ ಹಂಚು ಕಾದೈತಿ! ಶಾಮಿಯಾನದ ಮೂಲೆಯಿಂದ ಒಂದು ನಗು, ಅದು ಆ ಎಂಟನೇ ಕ್ಲಾಸಿನ ನಗುವಲ್ಲ, ಕಿವಿಗೇ ತಿಳಿಯಿತು, ಇನ್ನೊಂದು ಮಾತಿಗೆ ಬಾಯಿ ತೆರೆದು ಕಾಯುವ ನಗು. ಹೊಂಟಾಳ ನೋಡ್ರಿ ನಮ್ಮ ಗಗನಾ, ಯಾರ ಮನಿ ಬಾಗಲಾ ಬಡಿಯಾಕ ಹೊಂಟೀಯವ್ವಾ, ಎಡಕ್ಕ ಇಣಕಿದ್ಲು, ಬಲಕ್ಕ ಹೊಕ್ಕಳು, ಬಿಸಿ ಹಂಚು ಮುಟ್ಟಿದಂಗ ಮುಟ್ಟಿ ಬಂದೇ ಬಿಟ್ಲು! ಶಾಮಿಯಾನ ಎದ್ದು ನಿಂತಿತು. ಆಮೇಲೆ ಅವನು ಯೋಚಿಸಿದ್ದಿಲ್ಲ, ಮಾತುಗಳೇ ಬಂದವು, ನೋಟ್‌ಬುಕ್ಕಿನಲ್ಲಿದ್ದವೂ ಇಲ್ಲದವೂ, ಉಪನಗರದ ಎತ್ತರದ ಹುಡುಗಿಗೆ ಮೆಟ್ರೋ ಕಂಬ ಎಂದು ಹೆಸರಿಟ್ಟ, ಆ ಹುಡುಗಿಯೇ ಸೊಂಟದ ಮೇಲೆ ಕೈಯಿಟ್ಟು ನಕ್ಕಳು, ಆಕೆ ಅಂಕ ತಂದಾಗ ಆಕೆಯನ್ನೂ ಹೊಗಳಿದ, ಚಲೋ ಆಡಿದ್ರ ಚಲೋ ಅನ್ನಬೇಕ್ರಪಾ, ಬ್ಯಾರೆ ಸಾಲಿ ಆದ್ರೇನು, ಅವರ ಕಡೆಯ ಮಕ್ಕಳೂ ಚಪ್ಪಾಳೆ ತಟ್ಟಿದರು, ಎದುರು ಮನೆಗಳ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಬಂದವರು ಅಲ್ಲೇ ನಿಂತರು, ಎರಡನೇ ಬೆಂಚು ಮೂರನೇ ಬೆಂಚು ಎಲ್ಲ ಅವನ ಜೊತೆ ಕೂಗುತ್ತಿವೆ, ನೋಡ್ರಿ, ಬರ್ರಿ, ಹಿಡೀರಿ, ಇಡೀ ಶಾಲೆ ರಿ ಹಚ್ಚಿ ಮಾತಾಡುತ್ತಿದೆ, ಇದು ನನ್ನದು, ಇದನ್ನು ನಾನು ಮಾಡುತ್ತಿದ್ದೇನೆ, ಈ ಸದ್ದು. ಇಪ್ಪತ್ತೇಳು ಇಪ್ಪತ್ತೆಂಟು, ಒಂದು ಕಡಿಮೆ, ಕೊನೆಯ ರೈಡು, ಗಗನಾ ಮತ್ತೆ ಹೊರಟಳು, ಅವನ ದನಿ ತಾನಾಗಿ ತಗ್ಗಿತು, ಕೂಸಿಗೆ ಕತೆ ಹೇಳುವಷ್ಟು, ಸದ್ದು ಮಾಡಬ್ಯಾಡ್ರಿ, ನಮ್ಮ ಹುಡುಗಿ ಒಬ್ಬಾಕಿ ಹೊಂಟಾಳ, ಮೆಲ್ಲಕ, ಮೆಲ್ಲಕವ್ವಾ — ಹಿಡದ್ರು! ಒಬ್ಬಾಕಿ ಕಾಲು ಹಿಡದ್ಲು, ಮತ್ತೊಬ್ಬಾಕಿ ನಡಾ ಹಿಡದ್ಲು, ಕೂಸು ತಾಯಿ ಸೆರಗ ಹಿಡದಂಗ ಹಿಡದಾರ, ಬಿಡವಲ್ರು, ಜಗ್ಗ ಗಗನಾ, ಜಗ್ಗು, ಗೆರಿ ಮೊಳ ದೂರ ಐತಿ, ಗೇಣ ದೂರ ಐತಿ, ಬಟ್ಟ, ಒಂದ್ ಬಟ್ಟ ಐತಿ ಅಷ್ಟಽ — ಮುಟ್ಯಾಳ! ಮುಟ್ಯಾಳ್ರೋ ಯಪ್ಪಾ!

ಎರಡು ಅಂಕ, ಇಪ್ಪತ್ತೊಂಬತ್ತು ಇಪ್ಪತ್ತೆಂಟು, ಪೀಪಿ, ಮಣ್ಣು, ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದ ಗುಡ್ಡೆ, ಗುಡ್ಡೆಯ ಕೆಳಗಿನಿಂದ ಗಗನಾ ಮೇಜಿನ ಕಡೆ ತಿರುಗಿ, ತಿಳೀತ್ರಿ ಎಂದು ಕಿರುಚಿದಳು, ಈ ಸಲ ಅದು ಜೈಕಾರದ ಹಾಗಿತ್ತು, ಮಹೇಶ್ ಸಾರ್ ಬಂದು ಬೆನ್ನಿಗೆ ಗುದ್ದಿದರು, ಏನ್ ಬಾಯೋ ನಿಂದು, ಇನ್ಮೇಲೆ ಮೈಕು ನಿಂದೇ, ನಾನು ಹೇಳ್ತಾ ಇದೀನಿ, ಅಂದರು. ಅಭಿನವ್ ಕುರ್ಚಿಗಳನ್ನು ದಾಟಿ ಓಡಿಬಂದು, ಮಗಾ, ಸಕ್ಕತ್ ಮಗಾ, ಇದೆಲ್ಲಾ ಎಲ್ಲಿ ಕಲ್ತೆ ಗುರು, ಯಾರೋ ಹೇಳ್ಕೊಟ್ಟಿದ್ದು? ಯಾರು ಹೇಳಿಕೊಟ್ಟದ್ದು. ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿದೆ. ಈಗ ಶ್ರೀಶೈಲ ಗೇಟಿನ ಕಡೆ ನೋಡಿದ, ಅವಳು ಇನ್ನೂ ಅಲ್ಲೇ, ಸೆರಗಿನಲ್ಲಿ ಮುಖ ಒರೆಸುತ್ತಾ, ಹೋಗಲು ತಿರುಗುತ್ತಿದ್ದಾಳೆ, ಮ್ಯಾಚು ಮುಗಿಯಿತಲ್ಲ, ಮಗನ ದನಿ ಕೇಳಿದ್ದಾಯಿತಲ್ಲ, ಸಂಜೆಯ ರೊಟ್ಟಿ ಬಾಕಿ ಇದೆಯಲ್ಲ. ಅಭಿನವನಿಗೆ ಕಿವಿಯಲ್ಲಿ ಹೇಳಿದರೂ ಆಗುತ್ತದೆ, ಮನೆಗೆ ಹೋಗಿ ಒಲೆಯ ಪಕ್ಕ ಹೇಳಿದರೂ ಆಗುತ್ತದೆ, ಅಲ್ಲ, ಆಗುವುದಿಲ್ಲ, ಉಪ್ಪು ಕಡಿಮಿ ಐತಿ ಅಂದುಬಿಡುತ್ತೇನೆ, ಇದೇ ಗೇಟಿನಲ್ಲಿ ಆಡಿದ ಮಾತಿಗೆ ಇದೇ ಗೇಟಿನಲ್ಲಿ — ಮೈಕು ಬಾಯಿಗೆ ಬಂದಿತು. ಒಂದ್ ನಿಮಿಷ ಎಲ್ಲಾರೂ ಕೇಳ್ರಿ. ಇಷ್ಟೊತ್ತು ನೀವು ಕೇಳಿದ ಮಾತು ನಂದಲ್ಲ. ಅಲ್ಲಿ, ಗೇಟಿನ ಆಚಿ, ಹೊಂಗಿ ಮರದ ಕೆಳಗ ಹಸಿರು ಸೀರಿ ಉಟ್ಟಾಕಿ ನಿಂತಾಳಲ್ಲ, ಶಂಕ್ರವ್ವ ಅಂತ, ಆಕಿದು. ಆಕಿ ನಮ್ಮವ್ವ. ನಾ ಆಕಿ ಮಗ. ಯವ್ವಾ, ಒಳಗ ಬಾ.

ನಮ್ಮವ್ವ ಎಂಬುದು ನೀರಿನ ಟ್ಯಾಂಕಿಗೆ ಬಡಿದು ವಾಪಸ್ಸು ಬಂದಿತು, ನಮ್ಮವ್ವ, ಇಡೀ ಮೈದಾನ ಗೇಟಿನ ಕಡೆ ತಿರುಗಿತು, ಇಷ್ಟು ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದು ಅವಳ ಜನ್ಮದಲ್ಲೇ ಇಲ್ಲ, ಓಡಿಬಿಡುತ್ತಾಳೆ ಅಂದುಕೊಂಡ, ಸೆರಗು ಎಳೆದುಕೊಳ್ಳುತ್ತಾಳೆ ಅಂದುಕೊಂಡ, ಅವಳು ಓಡಲಿಲ್ಲ, ಎಳೆದುಕೊಳ್ಳಲಿಲ್ಲ, ಕೈ ಎತ್ತಿದಳು. ಬಲಗೈ, ನೇರ ಮೇಲಕ್ಕೆ, ಬೀಸಲಿಲ್ಲ, ಮುಗಿಯಲಿಲ್ಲ, ಸುಮ್ಮನೆ ಎತ್ತಿ ಹಿಡಿದಳು, ಹಾಜರಿ ಕರೆದಾಗ ಹೆಸರು ಬಂತೆಂದು ಎತ್ತುವ ಹಾಗೆ, ಶಾಲೆಯ ಒಂದು ಮೆಟ್ಟಿಲೂ ಹತ್ತದವಳು, ಬಳೆಗಳು ಮಣಿಕಟ್ಟಿನಿಂದ ಸರಸರ ಮೊಣಕೈವರೆಗೆ ಜಾರಿದವು. ಮಹೇಶ್ ಸಾರ್ ಗೇಟಿನ ಕಡೆ ನಡೆದರು, ಗಗನಾ ಮಣ್ಣು ಮೈಯಲ್ಲೇ ಅವರ ಹಿಂದೆ ಓಡಿದಳು, ಬರ್ರೀ ಆಂಟಿ ಎಂದು ಕೂಗುತ್ತ, ಅಭಿನವ್ ಇವನ ಮುಖ ನೋಡಿದ, ಏನೋ ನೆನಪಾದವನ ಹಾಗೆ, ಹೆಗಲ ಮೇಲೆ ಕೈ ಹಾಕಿದ, ಸರಿ, ಈಗ ಬಹುಮಾನ, ಬಹುಮಾನ ವಿತರಣೆ ಎಂದು ಹೇಳಬೇಕು, ಎರಡೂ ತಂಡದ ನಾಯಕಿಯರು ವೇದಿಕೆಗೆ ಬರಬೇಕು ಎನ್ನಬೇಕು, ಮೈಕು ಬಾಯಿಯ ಹತ್ತಿರವೇ ಇದೆ, ಅವ್ವನ ಕೈ, ಇಷ್ಟು ಹೊತ್ತು ನಿಲ್ಲದೆ ಬಂದ ಮಾತು ಈಗ ಎಲ್ಲಿ, ಮಾನ್ಯ, ಅಂದ, ಬರ್ರಿ, ಅಂದ, ಕೈ ಇನ್ನೂ ಕೆಳಗಿಳಿದಿಲ್ಲ, ಶಾಮಿಯಾನ ಕಾಯುತ್ತಿದೆ, ಹಾರ್ನು ಸುಮ್ಮನೆ ಗುಂಯ್ ಅನ್ನುತ್ತಿದೆ, ಎಲ್ಲರ ತಲೆಗಳ ಮೇಲೆ, ಗೇಟಿನ ಕಂಬಿಗಳ ಮೇಲೆ, ಬಿಸಿಲಿನಲ್ಲಿ, ಎತ್ತಿದ ಕೈ, ಮೊಣಕೈಗೆ ಜಾರಿದ ಬಳೆ, ಎತ್ತಿದ ಕೈ —